ಮೊದಲು ಬೆಳಗಿನ ಹೊತ್ತು, ಆಮೇಲೆ ವಿಮಾನದ ಟಿಕೆಟ್

‘ಓಡೋಕೆ ಅಂತ ಲಂಡನ್ನಿಗೆ ಹೋಗ್ಬೇಕೇನ್ರೀ? ಇಲ್ಲೇ ಲಾಲ್‌ಬಾಗ್ ಇಲ್ವಾ?’ ಅಂತ ಪಕ್ಕದ ಮನೆಯಾಕೆ ಕೇಳಿದರೆ ಸಿಟ್ಟು ಮಾಡಿಕೊಳ್ಳಬೇಡಿ. ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಅಲ್ಲೂ ಇದೇ ಕಾಲು, ಇದೇ ಬೆವರು. ಅದಕ್ಕಾಗಿ ಲಕ್ಷಗಟ್ಟಲೆ ಖರ್ಚು ಮಾಡಿ, ವೀಸಾಕ್ಕೆ ಅಲೆದು, ರಾತ್ರಿಯಿಡೀ ವಿಮಾನದಲ್ಲಿ ಕೂತು, ಗುರುತು ಪರಿಚಯವಿಲ್ಲದ ಊರಿನ ಚಳಿಯಲ್ಲಿ 42 ಕಿಲೋಮೀಟರ್ ಓಡುವುದೆಂದರೆ ನೋಡುವವರಿಗೆ ಹುಚ್ಚು ಅನ್ನಿಸದೆ ಇರುತ್ತದೆಯೇ?

ಆದರೆ ಈ ಹುಚ್ಚು ಈಗ ನಮ್ಮ ಬಡಾವಣೆಗಳಿಗೂ ಬಂದಿದೆ. ಬೆಳಗ್ಗೆ ಕಬ್ಬನ್ ಪಾರ್ಕಿಗೋ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಗೋ ಹೋಗಿ ನೋಡಿ. ತೂಕ ಇಳಿಸೋಣ ಅಂತ ವಾಕಿಂಗ್ ಶುರು ಮಾಡಿದವರು ಮೆಲ್ಲಗೆ ಓಟಕ್ಕಿಳಿದು, 5 ಕಿಲೋಮೀಟರ್, 10 ಕಿಲೋಮೀಟರ್ ದಾಟಿ, ಈಗ ಬರ್ಲಿನ್, ಟೋಕಿಯೊ ಎನ್ನುತ್ತಿದ್ದಾರೆ. ನಿಮ್ಮ ಮನಸ್ಸಿನಲ್ಲೂ ಇಂಥ ಆಸೆ ಇದ್ದರೆ ‘ಈ ವಯಸ್ಸಲ್ಲಿ ಇದೇನು’ ಅಂತ ನಾಚಿಕೊಂಡು ಮುಚ್ಚಿಡಬೇಡಿ. ಧಾರಾಳವಾಗಿ ಹೋಗಿ. ಆದರೆ ನನ್ನದೊಂದು ಮಾತಿದೆ. ಮನೆಯಲ್ಲಿ ನೀವು ಮೊದಲು ಕೇಳಬೇಕಾದದ್ದು ನಿಮ್ಮ ಬೆಳಗಿನ ಹೊತ್ತನ್ನು. ಟಿಕೆಟ್ಟಿನ ಮಾತು ಆಮೇಲೆ. ಬೆಳಗ್ಗೆ ಎರಡು ಗಂಟೆ ಬಿಟ್ಟುಕೊಡದ ಮನೆ ಟಿಕೆಟ್ ಕೊಡಿಸಲು ಮುಂದೆ ಬಂದರೆ, ಆ ಟಿಕೆಟ್ ಸದ್ಯಕ್ಕೆ ಬೇಡ ಅನ್ನಿ.

ಲೆಕ್ಕ ಹಾಕಿ ನೋಡಿ

ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್. ಈಗಾಗಲೇ 10 ಕಿಲೋಮೀಟರ್ ಆರಾಮವಾಗಿ ಓಡುವವರಿಗೂ ಇದಕ್ಕೆ ತಯಾರಾಗಲು ಸಾಮಾನ್ಯವಾಗಿ 16ರಿಂದ 20 ವಾರ ಬೇಕು. ವಾರಕ್ಕೆ ನಾಲ್ಕು ದಿನ ಓಟ ಅಂದುಕೊಳ್ಳಿ. ಮೂರು ದಿನ ಒಂದೊಂದು ಗಂಟೆ. ನಾಲ್ಕನೆಯದು, ಹೆಚ್ಚಾಗಿ ಭಾನುವಾರದ್ದು, ಉದ್ದದ ಓಟ. ಒಂದೂವರೆ ಗಂಟೆಯಿಂದ ಶುರುವಾಗಿ 30 ಕಿಲೋಮೀಟರ್ ತಲುಪುವ ಹೊತ್ತಿಗೆ ನಾಲ್ಕು ಗಂಟೆ ಹಿಡಿಯುತ್ತದೆ. ಸರಾಸರಿ ವಾರಕ್ಕೆ ಆರು ಗಂಟೆ ಎಂದರೂ 18 ವಾರಕ್ಕೆ 108 ಗಂಟೆ. ಹೋಗಿ ಬರುವುದು, ಸ್ನಾನ, ಕಾಲು ನೀಡಿ ಮಲಗುವುದು ಇದರಲ್ಲಿ ಸೇರಿಲ್ಲ.

ಈ 108 ಗಂಟೆ ದಿನದ ಯಾವ ಹೊತ್ತಿನಲ್ಲಿ ಬರುತ್ತದೆ ಹೇಳಿ? ನಮ್ಮೂರ ಬಿಸಿಲಿಗೆ, ಟ್ರಾಫಿಕ್ಕಿಗೆ ಬೆಳಗಿನ ಐದರಿಂದ ಏಳೇ ಸರಿಯಾದ ಸಮಯ. ಹಾಲು ಬರುವುದು, ಡಿಕಾಕ್ಷನ್ ಇಳಿಸುವುದು, ಚಪಾತಿ ಲಟ್ಟಿಸುವುದು, ಡಬ್ಬಿ ಕಟ್ಟುವುದು, ಮಕ್ಕಳನ್ನು ಎಬ್ಬಿಸಿ ಸ್ಕೂಲ್ ವ್ಯಾನ್ ಹತ್ತಿಸುವುದು, ಎಲ್ಲವೂ ಆಗುವುದು ಅದೇ ಹೊತ್ತಿನಲ್ಲಿ!

ಇಲ್ಲೇ ಇರುವುದು ತೊಡಕು. ಟಿಕೆಟ್ ಕೊಡಿಸುವುದು ಒಂದು ದಿನದ ಕೆಲಸ. ಕಾರ್ಡ್ ಉಜ್ಜಿದರೆ ಮುಗಿಯಿತು. ‘ನಮ್ಮನೆಯವಳು ಬರ್ಲಿನ್‌ನಲ್ಲಿ ಓಡ್ತಿದ್ದಾಳೆ’ ಅಂತ ಆಫೀಸಿನಲ್ಲಿ ಹೇಳಿಕೊಳ್ಳಲು ಯಜಮಾನರಿಗೂ ಹೆಮ್ಮೆಯೇ. ಆದರೆ 18 ಭಾನುವಾರ ತಾವೇ ಉಪ್ಪಿಟ್ಟು ಕೆದಕಿ ಮಕ್ಕಳಿಗೆ ಬಡಿಸುವುದು ಇದೆಯಲ್ಲ, ಅದು ಕಷ್ಟದ್ದು. ಅದನ್ನು ಬಾಯಿಬಿಟ್ಟು ಕೇಳಲು ನಮಗೂ ಸಂಕೋಚ. ಆಗ ನಾವು ಹಿಡಿಯುವ ದಾರಿ ಯಾವುದು ಗೊತ್ತೇ? ಮೂರೂವರೆಗೆ ಅಲಾರಂ ಇಟ್ಟು, ತಿಂಡಿ ಅಡುಗೆ ಎರಡನ್ನೂ ಮುಗಿಸಿ, ಯಾರ ನಿದ್ದೆಯೂ ಕೆಡದಂತೆ ಬಾಗಿಲು ಎಳೆದುಕೊಂಡು ಓಡಲು ಹೋಗುವುದು. ಬಂದ ಮೇಲೆ ಪಾತ್ರೆ, ಬಟ್ಟೆ. ರಾತ್ರಿ ಮಲಗುವುದು ಯಥಾಪ್ರಕಾರ ಹನ್ನೊಂದಕ್ಕೆ.

ಒಂದು ತಿಂಗಳು ಹೀಗೆ ನಡೆಯಬಹುದು. ಎರಡನೆಯ ತಿಂಗಳಿಗೆ ಮಂಡಿ ನೋವು, ಹಿಮ್ಮಡಿ ನೋವು, ಎಲ್ಲರ ಮೇಲೂ ರೇಗಾಟ. ಓಟದಿಂದ ದಣಿದ ಸ್ನಾಯು ಸರಿಹೋಗುವುದು ನಿದ್ದೆಯಲ್ಲೇ. ನಾಲ್ಕೂವರೆ ಗಂಟೆ ನಿದ್ದೆ ಮಾಡಿ 30 ಕಿಲೋಮೀಟರ್ ಓಡಲು ಹೊರಟರೆ ದೇಹ ಎಷ್ಟು ದಿನ ಸಹಿಸೀತು? ಕೊನೆಗೆ ಅರ್ಧಂಬರ್ಧ ತಯಾರಿಯಲ್ಲಿ ವಿಮಾನ ಹತ್ತಿ, ಭಾಷೆ ಬಾರದ ಊರಿನಲ್ಲಿ 25ನೇ ಕಿಲೋಮೀಟರಿಗೆ ಕುಸಿದು ಕೂರುವಂತಾಗುತ್ತದೆ.

ಕೇಳುವುದು ಹೇಗೆ?

ಜಗಳ ಬೇಡ, ಗೋಗರೆಯುವುದೂ ಬೇಡ. ಒಂದು ಕ್ಯಾಲೆಂಡರ್ ತೆಗೆದುಕೊಂಡು ಓಟದ ದಿನದಿಂದ ಹಿಂದಕ್ಕೆ 18 ವಾರ ಎಣಿಸಿ. ಓಡುವ ದಿನಗಳಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ. ಪ್ರತಿ ಗುರುತಿನ ಎದುರು ಆ ದಿನದ ಬೆಳಗಿನ ತಿಂಡಿ ಯಾರದು, ಮಕ್ಕಳನ್ನು ಹೊರಡಿಸುವುದು ಯಾರು ಎಂದು ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ. ‘ನೀವೆಲ್ಲ ಸ್ವಲ್ಪ ಸಹಾಯ ಮಾಡ್ಬೇಕು’ ಅಂದರೆ ಮೊದಲ ವಾರ ಎಲ್ಲರೂ ಹೂಂ ಅಂತಾರೆ, ಮೂರನೆಯ ವಾರಕ್ಕೆ ಮರೆತಿರುತ್ತಾರೆ. ‘ಮಂಗಳವಾರ, ಗುರುವಾರ ಮಕ್ಕಳ ಡಬ್ಬಿ ನಿಮ್ಮದು ರೀ’ ಅಂದರೆ ಮರೆಯಲು ಆಗುವುದಿಲ್ಲ. ದೋಸೆ ಹಿಟ್ಟು ಹಿಂದಿನ ದಿನ ರುಬ್ಬಿಡಿ, ಬೇಡ ಅನ್ನುವುದಿಲ್ಲ. ಆದರೆ ಹುಯ್ಯುವ ಕೈ ಬೇರೆಯವರದಾಗಿರಲಿ. ಹೈಸ್ಕೂಲಿಗೆ ಹೋಗುವ ಮಗನಿಗೆ ದೋಸೆ ಮಗುಚಲು ಬರಬಾರದು ಅಂತ ಎಲ್ಲೂ ಬರೆದಿಲ್ಲ.

ಅತ್ತೆಯವರು ಗೊಣಗಬಹುದು. ಅವರ ಆತಂಕವನ್ನೂ ಅರ್ಥ ಮಾಡಿಕೊಳ್ಳಿ. ಕತ್ತಲಲ್ಲಿ ಒಬ್ಬಳೇ ಹೋಗುತ್ತಾಳಲ್ಲ ಎಂಬ ಭಯಕ್ಕೆ ಉತ್ತರ ಕೊಡುವುದು ನಿಮ್ಮ ಕೆಲಸ. ಗುಂಪಿನಲ್ಲಿ ಓಡಿ, ಗೆಳತಿಯರನ್ನು ಮನೆಗೆ ಕರೆದು ಪರಿಚಯ ಮಾಡಿಸಿ, ಯಾವ ರಸ್ತೆ, ಎಷ್ಟು ಹೊತ್ತಿಗೆ ವಾಪಸ್ ಅಂತ ಹೇಳಿ ಹೋಗಿ.

ಕೈಗೂಸು ಇರುವವರು, ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿರುವವರು ‘ನಮಗೆಲ್ಲಿ ಬಿಡುವು’ ಅಂತೀರಿ. ನಿಜ. ನಿಮಗೆ ನಾನು ಹೇಳುವುದು, ಎರಡು ವರ್ಷ ಮುಂದೂಡಿದರೂ ಓಟ ಎಲ್ಲಿಗೂ ಹೋಗುವುದಿಲ್ಲ. ಫೌಜಾ ಸಿಂಗ್ ಅವರ ಹೆಸರು ಕೇಳಿರುತ್ತೀರಿ. ಪಂಜಾಬಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಅವರು 2000ದಲ್ಲಿ ತಮ್ಮ ಮೊದಲ ಲಂಡನ್ ಮ್ಯಾರಥಾನ್ ಓಡಿದಾಗ ಪಾಸ್‌ಪೋರ್ಟ್ ಪ್ರಕಾರ ವಯಸ್ಸು 89!

ಆಗ ಬಾಗಿಲೇ ಮುಚ್ಚಿತ್ತು

ಹೆಂಗಸರು ಬೆಳಗಿನ ಹೊತ್ತನ್ನು ಕೇಳುವುದು ಹೆಚ್ಚಾಯಿತು ಅನ್ನುವವರಿಗೆ ಬಾಸ್ಟನ್ನಿನ ಕತೆ ಹೇಳಿ. ಅಮೆರಿಕದ ಈ ಹಳೆಯ ಮ್ಯಾರಥಾನ್‌ಗೆ ಹೆಂಗಸರನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲ. 1966ರಲ್ಲಿ ಬಾಬಿ ಗಿಬ್ ಎಂಬ ತರುಣಿ ಅರ್ಜಿ ಹಾಕಿದಾಗ, ಅಷ್ಟು ದೂರ ಓಡುವ ಶಕ್ತಿ ಹೆಂಗಸಿನ ದೇಹಕ್ಕಿಲ್ಲ ಎಂಬ ಉತ್ತರ ಬಂತು. ಆಕೆ ಓಟ ಶುರುವಾಗುವ ಜಾಗದ ಪೊದೆಯಲ್ಲಿ ಅಡಗಿದ್ದು, ಗಂಡಸರ ಗುಂಪಿನೊಳಗೆ ಸೇರಿಕೊಂಡು ಕೊನೆಯವರೆಗೂ ಓಡಿದರು. ಮರುವರ್ಷ ಕ್ಯಾಥರೀನ್ ಸ್ವಿಟ್ಜರ್ ಕೆ.ವಿ. ಸ್ವಿಟ್ಜರ್ ಎಂದು ಹೆಸರು ನೋಂದಾಯಿಸಿ 261ನೇ ನಂಬರ್ ಪಡೆದರು. ದಾರಿಯಲ್ಲಿ ಓಟದ ಅಧಿಕಾರಿಯೊಬ್ಬರು ಓಡಿಬಂದು ಆ ನಂಬರನ್ನು ಕಿತ್ತುಕೊಳ್ಳಲು ನೋಡಿದರು. ಆಕೆ ನಿಲ್ಲಲಿಲ್ಲ, ಓಟ ಮುಗಿಸಿದರು. ಹೆಂಗಸರಿಗೆ ಅಲ್ಲಿ ಅಧಿಕೃತವಾಗಿ ಜಾಗ ಸಿಕ್ಕಿದ್ದು 1972ರಲ್ಲಿ. ಒಲಿಂಪಿಕ್ಸ್‌ನಲ್ಲಂತೂ 1980ರವರೆಗೂ ಮಹಿಳೆಯರ ಅತಿ ಉದ್ದದ ಓಟ 1500 ಮೀಟರ್. ಮಹಿಳೆಯರ ಮ್ಯಾರಥಾನ್ ಸೇರಿದ್ದು 1984ರ ಲಾಸ್ ಏಂಜಲೀಸ್ ಕೂಟದಲ್ಲಿ.

ಇವತ್ತು ನಿಮ್ಮ ನಂಬರನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಅದರ ಬದಲು ‘ತಿಂಡಿ ಯಾರು ಮಾಡ್ತಾರೆ?’ ಎಂಬ ಪ್ರಶ್ನೆ ಬರುತ್ತದೆ. ಇದಕ್ಕೆ ಉತ್ತರ ಸಿಗದೆ ನಿಂತುಹೋದ ಓಟಗಳು ಎಷ್ಟೋ.

ಹಾಗಾದರೆ ವಿದೇಶ ಯಾಕೆ?

ಮೊದಲು ಇಲ್ಲೇ ಓಡಿ. ಬೆಂಗಳೂರಿನಲ್ಲಿ 2008ರಿಂದ ವರ್ಲ್ಡ್ 10ಕೆ ಓಟ ನಡೆಯುತ್ತಿದೆ. ಮುಂಬೈ ಮ್ಯಾರಥಾನ್ 2004ರಲ್ಲಿ ಶುರುವಾಯಿತು. ಮೊದಲು 10, ನಂತರ 21, ಆಮೇಲೆ ಕಡೇಪಕ್ಷ ಒಂದು ಪೂರ್ತಿ ಮ್ಯಾರಥಾನ್ ನಮ್ಮ ದೇಶದಲ್ಲಿ. ಕಾಲು ಕೈಕೊಟ್ಟರೂ ರಾತ್ರಿ ಬಸ್ಸು, ರೈಲು ಹಿಡಿದು ಮನೆ ಸೇರಬಹುದು. 35ನೇ ಕಿಲೋಮೀಟರಿನಲ್ಲಿ ನಿಮ್ಮ ಹೊಟ್ಟೆ, ಕಾಲು, ಮನಸ್ಸು ಹೇಗೆ ವರ್ತಿಸುತ್ತವೆ ಎಂಬುದನ್ನು ಲಕ್ಷಗಟ್ಟಲೆ ಕೊಟ್ಟು ತಿಳಿಯಬೇಕಾಗಿಲ್ಲ.

ಇಷ್ಟಾದ ಮೇಲೂ ವಿದೇಶದ ಓಟಕ್ಕೆ ಅದರದೇ ಸುಖವಿದೆ. ಮುಂಬೈಯ ಸೆಕೆಯಲ್ಲಿ ಓಡಿದವರಿಗೆ ಬರ್ಲಿನ್ನಿನ ಸೆಪ್ಟೆಂಬರ್ ತಂಪು, ಏರಿಳಿತವಿಲ್ಲದ ರಸ್ತೆ ವರದಾನ. ರಸ್ತೆ ಪೂರ್ತಿ ಓಟಗಾರರಿಗೇ ಬಿಟ್ಟಿರುತ್ತಾರೆ. ಇಕ್ಕೆಲದಲ್ಲಿ ಜನ ಸಂತೆಯಂತೆ ಸೇರಿ ಕೂಗುತ್ತಾರೆ. ಎದೆಯ ಮೇಲೆ ಹೆಸರು ಬರೆದಿದ್ದರೆ ಅದನ್ನು ಓದಿ, ತಪ್ಪುತಪ್ಪಾಗಿ ಉಚ್ಚರಿಸಿ ಹುರಿದುಂಬಿಸುತ್ತಾರೆ. ಇಪ್ಪತ್ತು ವರ್ಷದಿಂದ ಇಂಥವರ ಹೆಂಡತಿ, ಇಂಥವರ ಅಮ್ಮ, ಇಂಥ ಫ್ಲಾಟಿನ ಆಂಟಿ ಅಂತ ಕರೆಸಿಕೊಂಡವರಿಗೆ ನಾಲ್ಕೈದು ಗಂಟೆ ಬರೀ ತಮ್ಮ ಹೆಸರು ಕೇಳುವುದೇನು ಸಣ್ಣ ಸಂಗತಿಯೇ? ಉಡುಪಿನ ಚಿಂತೆಯೂ ಬೇಡ. 2023ರಲ್ಲಿ ಒಡಿಶಾ ಮೂಲದ ಮಹಿಳೆಯೊಬ್ಬರು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮ್ಯಾರಥಾನನ್ನು ಸಂಬಲ್ಪುರಿ ಸೀರೆಯುಟ್ಟೇ ಓಡಿ ಮುಗಿಸಿದರು.

ಯಾವ ಊರು ಆರಿಸಲಿ?

ಟೋಕಿಯೊ, ಬಾಸ್ಟನ್, ಲಂಡನ್, ಬರ್ಲಿನ್, ಷಿಕಾಗೊ, ನ್ಯೂಯಾರ್ಕ್ ಈ ಆರೂ ‘ಮೇಜರ್ಸ್’ ಎಂದು ಪ್ರಸಿದ್ಧ. 2025ರಲ್ಲಿ ಸಿಡ್ನಿಯೂ ಈ ಸಾಲಿಗೆ ಸೇರಿತು. ಹೆಸರು ದೊಡ್ಡದಾದಷ್ಟೂ ಒಳಗೆ ಹೋಗುವುದು ಕಷ್ಟ. 2026ರ ಲಂಡನ್ ಓಟದ ಲಾಟರಿಗೆ ಅರ್ಜಿ ಹಾಕಿದವರು 11 ಲಕ್ಷಕ್ಕೂ ಹೆಚ್ಚು! ಬಾಸ್ಟನ್ನಿಗೆ ವಯಸ್ಸಿಗೆ ತಕ್ಕಂತೆ ನಿಗದಿಯಾದ ವೇಗದಲ್ಲಿ ಬೇರೊಂದು ಮ್ಯಾರಥಾನ್ ಓಡಿರಬೇಕು, ಇಲ್ಲವೇ ಧರ್ಮಕಾರ್ಯಕ್ಕೆ ದೇಣಿಗೆ ಸಂಗ್ರಹಿಸಿ ಕೊಡಬೇಕು. ಹೋಟೆಲ್ ಸಮೇತ ಪ್ರವೇಶ ಕೊಡಿಸುವ ಟೂರ್ ಕಂಪೆನಿಗಳೂ ಇವೆ. ದುಬಾರಿ, ಆದರೆ ಖಾತ್ರಿ. ಹಣ ಕಟ್ಟುವ ಮುನ್ನ ಆ ಕಂಪೆನಿಯ ಹೆಸರು ಓಟದ ಸಂಘಟಕರ ಅಧಿಕೃತ ಪಟ್ಟಿಯಲ್ಲಿದೆಯೇ ನೋಡಿ.

ಸಮಯದ ಮಿತಿಯನ್ನೂ ಗಮನಿಸಿ. ಟೋಕಿಯೊದಲ್ಲಿ ಏಳು ಗಂಟೆ, ಷಿಕಾಗೊದಲ್ಲಿ ಆರೂವರೆ ಗಂಟೆ. ಟೋಕಿಯೊದಲ್ಲಂತೂ ನಡುದಾರಿಯಲ್ಲೂ ಗಡುವುಗಳಿವೆ. ತಪ್ಪಿದರೆ ಬಸ್ಸು ಹತ್ತಿಸುತ್ತಾರೆ. ನಿಧಾನವಾಗಿ ಓಡುವವರಿಗೆ ಹವಾಯಿಯ ಹೊನಲುಲು ಮ್ಯಾರಥಾನ್ ಇದೆ, ಅಲ್ಲಿ ಗಡುವೇ ಇಲ್ಲ. ಆರೂ ಊರಿನ ಪದಕ ಸೇರಿಸುವ ಗೀಳು ಮಾತ್ರ ಬೇಡ. ಒಂದೊಂದು ಪ್ರವಾಸಕ್ಕೂ ಲಕ್ಷಗಳು. ಮಕ್ಕಳ ಕಾಲೇಜಿನ ಹಣ ಮುರಿದು, ಒಡವೆ ಅಡವಿಟ್ಟು ಓಡುವ ಓಟದಲ್ಲಿ ಸುಖವಿಲ್ಲ. ಚೀಟಿ ಹಾಕಿಯೋ ಆರ್.ಡಿ. ಕಟ್ಟಿಯೋ ಎರಡು ಮೂರು ವರ್ಷ ಕೂಡಿಟ್ಟು ಒಂದೇ ಓಟಕ್ಕೆ ಹೋಗಿ.

ದೇಹದ ಮಾತು ಕೇಳಿ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಅಂದರೆ ಅರ್ಧಕ್ಕಿಂತ ಹೆಚ್ಚು. ‘ಯಾಕೋ ಓಡೋಕೆ ಆಗ್ತಿಲ್ಲ, ಏದುಸಿರು’ ಅನ್ನುವವರು ನಿಮ್ಮನ್ನು ನೀವೇ ಬೈದುಕೊಳ್ಳುವ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ನಲವತ್ತು ದಾಟಿದವರು, ಬಿ.ಪಿ., ಶುಗರ್, ಥೈರಾಯ್ಡ್ ಇರುವವರು ತರಬೇತಿ ಶುರು ಮಾಡುವ ಮುನ್ನವೇ ವೈದ್ಯರನ್ನು ಕಾಣಿ.

ಮುಟ್ಟಿನ ದಿನ ಓಟದ ದಿನಕ್ಕೇ ಬಂದರೆ? ಓಡಬಹುದು, ಎಷ್ಟೋ ಜನ ಓಡುತ್ತಾರೆ. ತರಬೇತಿಯಲ್ಲಿ ಅಂಥ ದಿನವೂ ಒಂದು ಉದ್ದದ ಓಟ ಓಡಿ, ಯಾವ ಪ್ಯಾಡ್ ಅಥವಾ ಕಪ್ ಹೊಂದುತ್ತದೆ ಎಂದು ತಿಳಿದಿಟ್ಟುಕೊಳ್ಳಿ. ಮುಂದೂಡುವ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಬೇಡಿ. ಉದ್ದದ ವಿಮಾನ ಪ್ರಯಾಣವೂ ಇರುವುದರಿಂದ ವೈದ್ಯರನ್ನು ಕೇಳಲೇಬೇಕು.

ನೀರಿನ ಬಗ್ಗೆಯೂ ಒಂದು ಮಾತು. ಹೆಚ್ಚು ಕುಡಿದಷ್ಟೂ ಒಳ್ಳೆಯದು ಅಂತ ಅನೇಕರು ತಿಳಿದಿದ್ದಾರೆ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇ 13 ಮಂದಿಯಲ್ಲಿ ಸೋಡಿಯಂ ಅಂಶ ಇರಬೇಕಾದ್ದಕ್ಕಿಂತ ಕಡಿಮೆಯಾಗಿತ್ತು. ದಾರಿಯಲ್ಲಿ ಅತಿಯಾಗಿ ಕುಡಿದವರಲ್ಲಿ, ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಓಡಿದವರಲ್ಲಿ ಇದು ಹೆಚ್ಚು ಕಂಡಿತು. ತೀರಾ ಕಡಿಮೆಯಾದರೆ ಪ್ರಾಣಕ್ಕೇ ಅಪಾಯ. ಬಾಯಾರಿದಾಗ ಕುಡಿಯಿರಿ, ಪ್ರತಿ ಟೇಬಲ್ಲಿನಲ್ಲೂ ಲೋಟ ಖಾಲಿ ಮಾಡಬೇಕೆಂಬ ಹಠ ಬೇಡ.

ಹೊರಡುವ ಮುನ್ನ ಗಮನಿಸಿ

* ಓಟದ ಪ್ರವೇಶ ಖಾತ್ರಿಯಾಗುವವರೆಗೆ ಹಣ ವಾಪಸ್ಸಾಗದ ಟಿಕೆಟ್, ಹೋಟೆಲ್ ಕಾಯ್ದಿರಿಸಬೇಡಿ.

* ವೀಸಾ ಬೇಗ ಶುರು ಮಾಡಿ. ಅಮೆರಿಕದ ಸಂದರ್ಶನಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಜರ್ಮನಿಯಂಥ ಷೆಂಗೆನ್ ದೇಶಗಳಿಗೆ ಪ್ರಯಾಣದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ಷೆಂಗೆನ್ ವೀಸಾದಲ್ಲಿ ಲಂಡನ್ನಿಗೆ ಹೋಗಲಾಗದು, ಅದಕ್ಕೆ ಬೇರೆ ವೀಸಾ.

* ವಿಮೆ ಕೊಳ್ಳುವಾಗ ‘ಮ್ಯಾರಥಾನ್ ಓಡುವಾಗ ಆದ ಪೆಟ್ಟಿಗೂ ಅನ್ವಯವೇ?’ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

* ಓಟದ ಶೂ, ಬಟ್ಟೆ ಕೈಚೀಲದಲ್ಲೇ ಇರಲಿ. ದೊಡ್ಡ ಸೂಟ್‌ಕೇಸ್ ಬೇರೆ ಊರಿಗೆ ಹೋದರೂ ಓಟ ನಿಲ್ಲದು. ಹೊಸ ಶೂ, ಹೊಸ ತಿನಿಸು ಆ ದಿನ ಬೇಡವೇ ಬೇಡ.

* ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಪುಡಿ ಒಯ್ಯಬಹುದು. ಯೂರೋಪಿಗೆ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ತುಪ್ಪ, ಪೇಡ ಮನೆಯಲ್ಲೇ ಇರಲಿ. ಓಟದ ಹಿಂದಿನ ಎರಡು ದಿನ ಅನ್ನ ಹೆಚ್ಚು, ಬೇಳೆ, ಸೊಪ್ಪು, ಕರಿದದ್ದು ಕಡಿಮೆ.

* ನಂಬರ್ ಪಡೆಯಲು ಓಟಕ್ಕೆ ಮುಂಚೆ ನೀವೇ ಖುದ್ದಾಗಿ ಪಾಸ್‌ಪೋರ್ಟ್ ಸಮೇತ ಹೋಗಬೇಕಾಗುತ್ತದೆ. ಕಡೇಪಕ್ಷ ಮೂರು ದಿನ ಮುಂಚೆ ಊರು ಸೇರಿ. ಅಮೆರಿಕಕ್ಕಾದರೆ ಇನ್ನೂ ಮೊದಲು, ಹಗಲು ರಾತ್ರಿ ಅದಲುಬದಲಾಗಿ ನಿದ್ದೆ ಕೆಡುತ್ತದೆ.

* ನ್ಯೂಯಾರ್ಕಿನಲ್ಲಿ ಓಟ ಶುರುವಾಗುವ ಜಾಗದಲ್ಲಿ ನವೆಂಬರ್ ಚಳಿಯಲ್ಲಿ ಗಂಟೆಗಟ್ಟಲೆ ಕಾಯಬೇಕು. ಹಳೆಯ ಸ್ವೆಟರ್ ಹಾಕಿಕೊಂಡು ಹೋಗಿ ಅಲ್ಲೇ ಬಿಟ್ಟುಬಿಡಿ, ಅದನ್ನು ಸಂಗ್ರಹಿಸಿ ದಾನಕ್ಕೆ ಕೊಡುತ್ತಾರೆ.

* ಊರು ಸುತ್ತುವುದು ಓಟ ಮುಗಿದ ಮೇಲೆ. ಮೊದಲೇ ಮೂರು ದಿನ ಮ್ಯೂಸಿಯಂ, ಅರಮನೆ ಅಂತ ನಡೆದರೆ ಕಾಲು ಅಲ್ಲಿಗೇ ಮುಗಿಯಿತು.

ಕೊನೆಯದಾಗಿ ಒಂದು ಎಚ್ಚರಿಕೆ. ಮನೆಮಂದಿಯೆಲ್ಲ ಜೊತೆಗೆ ಹೊರಟರೆ ಸಂತೋಷ. ಆದರೆ ಖರ್ಚು ಉಳಿಯುತ್ತದೆ ಅಂತ ಅಡುಗೆಮನೆ ಇರುವ ಬಾಡಿಗೆ ಫ್ಲಾಟ್ ಹಿಡಿದು, ಓಟದ ಹಿಂದಿನ ರಾತ್ರಿ ನೀವೇ ಎಲ್ಲರಿಗೂ ಸಾರು ಕುದಿಸುತ್ತಾ ನಿಲ್ಲುವುದಾದರೆ ಅಷ್ಟು ದೂರ ಹೋಗಿದ್ದು ಯಾಕೆ? ನ್ಯೂಜೆರ್ಸಿಯ ತಂಗಿ ಮನೆಯಲ್ಲಿ ಉಳಿಯುವವರೂ ಅಷ್ಟೇ, ಹೋಳಿಗೆ ಊಟ, ಮಧ್ಯರಾತ್ರಿಯ ಹರಟೆ ಎರಡನ್ನೂ ಓಟದ ಮರುದಿನಕ್ಕೆ ಇಟ್ಟುಕೊಳ್ಳಿ. ಹೇಳಿದರೆ ತಂಗಿ ಬೇಜಾರು ಮಾಡಿಕೊಳ್ಳುವುದಿಲ್ಲ.

ಹಣ ಹೊಂದದೆ, ವೀಸಾ ಸಿಗದೆ, ಲಾಟರಿಯಲ್ಲಿ ಹೆಸರು ಬಾರದೆ ಕೊನೆಗೆ ಹೋಗಲಾಗದೆಯೂ ಇರಬಹುದು. ಆಗಲೂ ಆ ನಾಲ್ಕು ತಿಂಗಳ ಬೆಳಗಿನ ಹೊತ್ತು ನಿಮ್ಮದಾಗಿರುತ್ತದೆ, ಮಗನಿಗೆ ದೋಸೆ ಹುಯ್ಯಲು ಬಂದಿರುತ್ತದೆ. ಹೋಗಿ ಬಂದವರು ಒಂದು ವಿಷಯ ನೋಡಿಕೊಳ್ಳಿ. ಪದಕ ಷೋಕೇಸ್ ಸೇರಿದ ಮರುವಾರವೇ ಫ್ರಿಜ್ಜಿನ ಮೇಲಿನ ಕ್ಯಾಲೆಂಡರ್ ಕಿತ್ತುಹೋಗಿ, ಐದೂ ಡಬ್ಬಿಗಳು ಮತ್ತೆ ನಿಮ್ಮ ಕೈಗೇ ಬರದಂತೆ ನೋಡಿಕೊಳ್ಳಿ. ಮಂಗಳವಾರ, ಗುರುವಾರ ಅವರವರದೇ ಆಗಿ ಉಳಿಯಲಿ.

ಆಸೆ ಇದ್ದರೆ ತಡ ಯಾಕೆ? ಇವತ್ತು ರಾತ್ರಿ ಊಟವಾದ ಮೇಲೆ, ಟೀವಿ ಹಾಕುವ ಮುಂಚೆ ಮಾತು ತೆಗೆಯಿರಿ. ಲಂಡನ್, ಬರ್ಲಿನ್ ಈಗಲೇ ಬೇಡ. ‘ಬರುವ ವಾರದಿಂದ ಮೂರು ದಿನ ಬೆಳಗ್ಗೆ ನಾನು ಮನೇಲಿರಲ್ಲ ರೀ’ ಅನ್ನಿ. ಏನು ಉತ್ತರ ಬರುತ್ತದೋ ಕೇಳಿ. ಮುಂದಿನದನ್ನು ಆಮೇಲೆ ಯೋಚಿಸೋಣ.